ಮರದ್ದಾದರೆ ತೊಗಟೆ, ಮೈಯದ್ದಾದರೆ ಮೈಲಿಗೆ

ಭಾಂಡುಪ್ ಪಶ್ಚಿಮದಲ್ಲಿ ಲೋಕಲ್ ರೈಲಿನಿಂದ ಇಳಿದು ಎಲ್‌ಬಿಎಸ್ ಮಾರ್ಗದ ಕಡೆಗೆ ನಡೆಯುವವರಿಗೆ ಹೊರಮೈಯ ಹೆಸರುಗಳು ದಾರಿಯುದ್ದಕ್ಕೂ ಸಿಗುತ್ತವೆ. ಬಾಳೆಹಣ್ಣಿನ ಗಾಡಿಯ ಬುಡದಲ್ಲಿ ಬಿದ್ದಿರುವುದು ‘ಸಾಲ್’. ಮರಾಠಿಯಲ್ಲಿ ಹಣ್ಣಿನ ಸಿಪ್ಪೆಯೂ ಸಾಲ್, ಮರದ ತೊಗಟೆಯೂ ಸಾಲ್. ಓಡುತ್ತ ಬಿದ್ದು ಮೊಣಕಾಲು ತರಚಿಕೊಂಡ ಮಗು ‘ಸಾಲಟ ನಿಘಾಲ’ ಎಂದು ಅಳುತ್ತದೆ. ಅದೇ ಸಾಲ್ ಮಗುವಿನ ಮೈಗೂ ಬಂದಿದೆ. ದವಾಖಾನೆಯ ಬೋರ್ಡಿನ ಮೇಲೆ ‘ತ್ವಚಾರೋಗತಜ್ಞ’. ಚಪ್ಪಲಿ ಹೊಲಿಯುವವರ ಮುಂದೆ ಹರಡಿರುವುದು ‘ಚಾಮಡ’. ಆಟೊದವರ ನಡುವೆ ಜಗಳ ಹತ್ತಿದರೆ ಹಿಂದಿಯಲ್ಲಿ ಸುಲಿಯುವುದು ‘ಚಮಡಿ’.

ಅದೇ ರಸ್ತೆಯ ಚಾಳು, ಸೊಸೈಟಿಗಳ ಕನ್ನಡ ಮನೆಗಳಲ್ಲೂ ಮಾತಿಗೆ ಬರವಿಲ್ಲ. ಈರುಳ್ಳಿಗೆ ಸಿಪ್ಪೆ, ಕಡಲೆಗೆ ಹೊಟ್ಟು, ಮಸಾಲೆ ಡಬ್ಬದಲ್ಲಿ ಚಕ್ಕೆ, ಅಜ್ಜಿಯ ಕಣ್ಣಿಗೆ ಪೊರೆ, ಒಣಗಿದ ಗಾಯಕ್ಕೆ ಹಕ್ಕಳೆ. ಮೈಗೆ ತುರಿಕೆ ಬಂದು ಡಾಕ್ಟರ ಹತ್ತಿರ ಹೋದರೆ ಚರ್ಮ. ಟಿವಿಯಲ್ಲಿ ಕ್ರೀಮಿನ ಜಾಹೀರಾತು ಬಂದರೆ ತ್ವಚೆ. ‘ತೊಗಲು’ ಮಾತ್ರ ಕೇಳುವುದೇ ಇಲ್ಲ. ಕೇಳಿದರೂ ಮೂರು ಕಡೆ: ಬೈಗುಳದಲ್ಲಿ, ಪರದೇಶದವರನ್ನು ‘ಬಿಳಿ ತೊಗಲಿನವರು’ ಎಂದು ಮೂದಲಿಸುವಾಗ, ಇಲ್ಲವೆ ತೊಗಲುಗೊಂಬೆ ಆಟದ ಸುದ್ದಿ ಬಂದಾಗ. ಬಯಲುಸೀಮೆಯ ಹಳ್ಳಿಗಳಲ್ಲಿ ‘ಮೈ ತೊಗಲು’ ಎನ್ನುವವರು ಇನ್ನೂ ಇದ್ದಾರೆ. ಅವರ ಮಕ್ಕಳು ಪೇಟೆಗೆ ಬಂದು ನಾಲ್ಕಕ್ಷರ ಕಲಿತ ಮೇಲೆ ಮೊದಲು ಬಿಡುವ ಮಾತುಗಳಲ್ಲಿ ಇದೂ ಒಂದು.

ಪ್ರತಿ ಕನ್ನಡಿಗರೂ ಅಂಗಾಲಿನಿಂದ ನೆತ್ತಿಯವರೆಗೆ ಹೊದ್ದು ತಿರುಗುವ ವಸ್ತು ಇದು. ಅದರ ಕನ್ನಡದ ಹೆಸರು ಹೇಳಲು ಇಷ್ಟು ಮುಜುಗರ ಯಾಕೆ? ‘ತೊಗಲು ಸತ್ತ ಪ್ರಾಣಿಯದ್ದು, ಮನುಷ್ಯರದ್ದು ಚರ್ಮ’ ಎಂಬ ಉತ್ತರ ಎಲ್ಲರ ಬಳಿಯೂ ಸಿದ್ಧವಾಗಿರುತ್ತದೆ. ಈ ಉತ್ತರ ನಿಜವಲ್ಲ. ತೊಗಲು ಮನೆಯಿಂದ ಹೊರಬಿದ್ದದ್ದು ಪ್ರಾಣಿಯ ಕಾರಣಕ್ಕಲ್ಲ, ಅದನ್ನು ಮುಟ್ಟಿ ಬದುಕಿದವರ ಜಾತಿಯ ಕಾರಣಕ್ಕೆ. ಸಾಕ್ಷಿ ಬೇಕಾದರೆ ಮರವನ್ನೇ ಕೇಳಬಹುದು.

ತೊಗಲು ಮತ್ತು ತೊಗಟೆ ಒಡಹುಟ್ಟಿದ ಮಾತುಗಳು. ತೆಲುಗಿನ ತೊಕ್ಕ, ತಮಿಳಿನ ತೋಲ್, ಮಲೆಯಾಳದ ತೊಲಿ ಇವೂ ಇದೇ ಮನೆತನದವು. ತಮಿಳಿನ ತೋಲ್ ಮನುಷ್ಯರ ಮೈಗೂ ಸೈ, ಬಾಳೆಹಣ್ಣಿಗೂ ಸೈ, ಚಪ್ಪಲಿಗೂ ಸೈ. ಮಲೆಯಾಳದಲ್ಲಿ ಮರಕ್ಕೂ ಮೈಗೂ ತೊಲಿಯೇ. ಕನ್ನಡ ಆ ಬೇರಿನಿಂದ ಎರಡು ಕವಲು ಒಡೆದು ಮರಕ್ಕೊಂದು, ಮೈಗೊಂದು ಇಟ್ಟುಕೊಂಡಿತು. ಆಮೇಲೆ ಆ ಎರಡು ಕವಲುಗಳ ಪಾಡು ಬೇರೆಯಾಯಿತು. ತೊಗಟೆ ಪಾಠದ ಪುಸ್ತಕಕ್ಕೆ ಹೋಯಿತು, ಆಯುರ್ವೇದದ ಅಂಗಡಿಗೆ ಹೋಯಿತು, ಕವಿತೆಗೂ ಬಂತು. ತೊಗಟೆ ಎನ್ನಲು ಯಾವ ಮೇಷ್ಟರೂ ತಡವರಿಸುವುದಿಲ್ಲ. ತೊಗಲು ಮಾತ್ರ ಊರ ಹೊರಗೆ ಉಳಿಯಿತು. ಒಂದೇ ಬೇರು, ಒಂದೇ ಅರ್ಥ, ಒಂದೇ ಬಗೆಯ ಸದ್ದು. ವ್ಯತ್ಯಾಸ ಇಷ್ಟೇ: ಮರಕ್ಕೆ ಜಾತಿಯಿಲ್ಲ.

ಮರದ ಹೊರಮೈಗೆ ಎಷ್ಟು ಮರ್ಯಾದೆ ಎಂಬುದನ್ನು ಭಾಂಡುಪಿನ ತುಳು–ಕನ್ನಡಿಗರ ಮನೆಗಳಲ್ಲಿ ಆಟಿ ಅಮಾವಾಸ್ಯೆಯ ದಿನ ನೋಡಬೇಕು. ಅಂದು ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವುದು ಪಾಲೆ ಮರದ ಕೆತ್ತೆಯ ಕಷಾಯ. ಪಾಲೆ ಅಂದರೆ ಕನ್ನಡದ ಹಾಲೆ ಮರ, ಸಪ್ತಪರ್ಣಿ. ಮುಂಬಯಿಯ ರಸ್ತೆ ಬದಿಯಲ್ಲೂ ಬೆಳೆಯುವ, ಮರಾಠಿಯವರು ಸಾತವಿಣ ಎನ್ನುವ ಮರ. ಕೆತ್ತೆ ಅಂದರೆ ತೊಗಟೆ. ಸೂರ್ಯ ಹುಟ್ಟುವ ಮೊದಲು ಮರದ ಹತ್ತಿರ ಹೋಗಬೇಕು, ಕಬ್ಬಿಣ ತಾಗಿಸಬಾರದು, ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕರಿಮೆಣಸು ಬೆಳ್ಳುಳ್ಳಿ ಹಾಕಿ ಅರೆದು ರಸ ತೆಗೆಯಬೇಕು. ಮರ ಗುರುತಿಸುವುದರಲ್ಲಿ ತಪ್ಪಿದರೆ ಜೀವಕ್ಕೇ ಸಂಚಕಾರ. ಕಾಸರಕದಂಥ ಮರದ ತೊಗಟೆಯಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಕಡು ವಿಷಗಳಿರುತ್ತವೆ. ಹಾಗಾಗಿ ಬಲ್ಲವರಷ್ಟೇ ತರಬೇಕು ಎಂಬ ಕಟ್ಟುಪಾಡು. ಊರು ಬಿಟ್ಟು ಎರಡು ತಲೆಮಾರು ಕಳೆದರೂ ಆ ದಿನ, ಆ ಮರ, ಆ ಮಾತು ಮರೆತಿಲ್ಲ. ಮರದ ತೊಗಲಿಗೆ ಇಷ್ಟೊಂದು ಮಡಿ, ಇಷ್ಟೊಂದು ಎಚ್ಚರ. ಮನುಷ್ಯರ ತೊಗಟೆಗೆ ಮಾತ್ರ ಹೆಸರಿನಲ್ಲೇ ಮೈಲಿಗೆ.

ಸತ್ತ ಪ್ರಾಣಿಯ ವಾದಕ್ಕೆ ಮತ್ತೆ ಬರೋಣ. ಸಂಸ್ಕೃತದ ‘ಚರ್ಮ’ ಸತ್ತ ಪ್ರಾಣಿಯದ್ದಲ್ಲವೆ? ಚರ್ಮಕಾರ ಎಂಬ ಮಾತಿನಲ್ಲಿರುವುದು ಯಾರ ಚರ್ಮ? ಚಮ್ಮಾರ ಎಂಬ ಹೆಸರು ಹುಟ್ಟಿದ್ದೇ ಆ ಮಾತಿನಿಂದ. ಕರ್ನಾಟಕ ಸರ್ಕಾರದ ಲಿಡ್‌ಕರ್ ನಿಗಮದ ಹೆಸರಿನಲ್ಲಿರುವುದು ‘ಚರ್ಮ ಕೈಗಾರಿಕೆ’. 2022ರಲ್ಲಿ ರಾಜ್ಯದ ದನಕರುಗಳನ್ನು ಕಾಡಿದ ಕಾಯಿಲೆಯನ್ನು ಪತ್ರಿಕೆಗಳು ಕರೆದದ್ದು ‘ಚರ್ಮಗಂಟು ರೋಗ’ ಎಂದು. ದನಕ್ಕೂ ಚರ್ಮ, ಚಪ್ಪಲಿಗೂ ಚರ್ಮ, ಡಾಕ್ಟರ ಬೋರ್ಡಿಗೂ ಚರ್ಮ. ಅಂದಮೇಲೆ ‘ಮನುಷ್ಯರದ್ದು ಚರ್ಮ, ಪ್ರಾಣಿಯದ್ದು ತೊಗಲು’ ಎಂಬ ವಿಂಗಡಣೆಯನ್ನು ಕನ್ನಡ ಎಂದೂ ಪಾಲಿಸಿಲ್ಲ. ಅದು ಕೇಳಿದಾಗ ಕೊಡುವ ಸಬೂಬು ಮಾತ್ರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ ಈ ಸಬೂಬಿನ ಬುಡವೇ ಕಳಚುತ್ತದೆ. ಉಪನಯನದಲ್ಲಿ ವಟುವಿಗೆ ಕಟ್ಟುವ ಕೃಷ್ಣಾಜಿನ ಸತ್ತ ಜಿಂಕೆಯದ್ದು. ಶಿವ ಉಟ್ಟದ್ದು ಆನೆಯ ತೊಗಲು, ಕೂತದ್ದು ಹುಲಿಯ ತೊಗಲಿನ ಮೇಲೆ. ಋಷಿಗಳು ಉಟ್ಟ ನಾರುಮಡಿ ಮರದ ತೊಗಟೆಯದ್ದು. ಇವೆಲ್ಲ ಪವಿತ್ರ, ಯಾಕೆಂದರೆ ಇವುಗಳ ಹೆಸರು ಅಜಿನ, ಗಜಚರ್ಮ, ವಲ್ಕಲ. ಮೃದಂಗ, ಮದ್ದಳೆಗಳ ಮೇಲೆ ಬಿಗಿಯುವುದು ದನ, ಆಡುಗಳ ತೊಗಲು. ಅದಕ್ಕೆ ಕಲಾವಿದರ ಬಾಯಲ್ಲಿ ಹೆಸರು ‘ಮುಚ್ಚಿಗೆ’. ಎಷ್ಟು ಸರಿಯಾದ ಹೆಸರು! ಮುಚ್ಚುವುದು ಮರದ ಹೊಳವನ್ನು ಮಾತ್ರವಲ್ಲ, ತೊಗಲನ್ನೂ, ತೊಗಲು ಹದ ಮಾಡಿದ ಕೈಯನ್ನೂ. ಟಿ.ಎಂ. ಕೃಷ್ಣ ಮೃದಂಗ ಕಟ್ಟುವವರ ಬಗ್ಗೆ ಬರೆದ ‘ಸೆಬಾಸ್ಟಿಯನ್ ಆ್ಯಂಡ್ ಸನ್ಸ್’ ಪುಸ್ತಕದ ಬಿಡುಗಡೆಗೆ 2020ರಲ್ಲಿ ಚೆನ್ನೈನ ಕಲಾಕ್ಷೇತ್ರ ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆದದ್ದು ನೆನಪಿರಬಹುದು. ಮುಚ್ಚಿಗೆ ತೆಗೆದರೆ ಕೆಲವರಿಗೆ ಸಹಿಸಲು ಆಗುವುದಿಲ್ಲ.

ಮೈಲಿಗೆ ವಸ್ತುವಿನಲ್ಲೂ ಇಲ್ಲ, ಮಾತಿನಲ್ಲೂ ಇಲ್ಲ ಎಂಬುದನ್ನು ತಿಳಿಯಲು ಭಾಂಡುಪಿನಂಥ ಜಾಗವೇ ಬೇಕು, ಯಾಕೆಂದರೆ ಇಲ್ಲಿ ಒಂದೇ ಮಾತು ಬೇರೆ ಬೇರೆ ಭಾಷೆಗಳಲ್ಲಿ ಪಕ್ಕಪಕ್ಕದಲ್ಲಿ ಬದುಕುತ್ತದೆ. ಚರ್ಮ ಎಂಬ ಮಾತನ್ನೇ ಹಿಡಿದು ನೋಡಿ. ಕನ್ನಡದಲ್ಲಿ ಅದು ಸಭ್ಯ. ಹಿಂದಿಯಲ್ಲಿ ‘ಚರ್ಮರೋಗ’ ಎಂದರೆ ಸಭ್ಯ. ಅದೇ ಮಾತು ಜನರ ಬಾಯಲ್ಲಿ ಸವೆದು ‘ಚಮಡಿ’ಯಾದರೆ ಒರಟು. ಮರಾಠಿಯಲ್ಲೂ ಚಾಮಡಿ ಒರಟು, ಕಾತಡಿ ನಡುವಿನದು, ತ್ವಚಾ ಮೇಲಿನದು. ತಮಿಳಿಗೆ ಹೋದರೆ ಅದೇ ಚರ್ಮ ‘ಸರುಮಂ’ ಆಗಿ ಸೌಂದರ್ಯದ ಜಾಹೀರಾತು ಸೇರಿದೆ. ಆದರೆ ತಮಿಳುನಾಡಿನ ಆಸ್ಪತ್ರೆಗಳ ಬೋರ್ಡು ಇವತ್ತಿಗೂ ‘ತೋಲ್’ ಎನ್ನುತ್ತದೆ, ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ. ಒಂದೇ ಮಾತು ಒಂದು ಭಾಷೆಯಲ್ಲಿ ಪೀಠದ ಮೇಲೆ, ಇನ್ನೊಂದರಲ್ಲಿ ಮೆಟ್ಟಿಲ ಕೆಳಗೆ. ಹಾಗಿದ್ದರೆ ಕೊಳೆ ಮಾತಿಗೆ ಅಂಟಿದ್ದಲ್ಲ. ಯಾರು ಆಡುತ್ತಾರೋ ಅವರನ್ನು ನೋಡಿ ಮಾತಿಗೆ ಬೆಲೆ ಕಟ್ಟಲಾಗುತ್ತದೆ. ಪುಸ್ತಕದಲ್ಲಿದ್ದಾಗ ಚರ್ಮ, ದುಡಿಯುವವರ ಬಾಯಿಗೆ ಬಂದಾಗ ಚಮಡಿ.

ಕನ್ನಡದಲ್ಲಿ ಈ ಏಣಿ ಇನ್ನೂ ಬೆಳೆಯುತ್ತಿದೆ. ಚರ್ಮ ಬಂದು ತೊಗಲು ಕೆಳಗಿಳಿಯಿತು. ಈಗ ತ್ವಚೆ ಬಂದಿದೆ, ಚರ್ಮ ಕೆಳಗಿಳಿಯುತ್ತಿದೆ. ಕಾಯಿಲೆ ಬಂದರೆ ಚರ್ಮ, ಹೊಳೆಯಬೇಕಾದರೆ ತ್ವಚೆ. ‘ಚರ್ಮದ ಕಾಂತಿ’ ಎಂದು ಬರೆದರೆ ಜಾಹೀರಾತಿನವರು ತಿದ್ದುತ್ತಾರೆ. ‘ತ್ವಚೆಯ ಕಜ್ಜಿ’ ಎಂದು ಯಾರೂ ಬರೆಯುವುದಿಲ್ಲ. ಅನ್ನ ಮೇಲೇರಿ ಕೂಳು ಬೈಗುಳವಾದ ಕತೆಯೇ ಇದು. ದೇಶಕ್ಕೆಲ್ಲ ಹಂಚಿಹೋಗುವ ಜಾಹೀರಾತುಗಳಲ್ಲಿ ಬಹಳಷ್ಟು ಮುಂಬಯಿಯಲ್ಲೇ ಹಿಂದಿ, ಇಂಗ್ಲಿಷುಗಳಲ್ಲಿ ತಯಾರಾಗಿ ಆಮೇಲೆ ಕನ್ನಡಕ್ಕೆ ಬರುತ್ತವೆ. ಹಿಂದಿಯ ತ್ವಚಾಗೆ ಎತ್ವ ಕೊಟ್ಟು ತ್ವಚೆ ಮಾಡಿದರೆ ಕನ್ನಡದ ಕೆಲಸ ಮುಗಿಯಿತು.

ಇದರಲ್ಲಿ ಒಂದು ತಮಾಷೆಯಿದೆ. ಸಂಸ್ಕೃತದ ‘ತ್ವಕ್’ ಎಂದರೆ ಮೈಯ ತೊಗಲೂ ಹೌದು, ಮರದ ತೊಗಟೆಯೂ ಹೌದು. ಆಯುರ್ವೇದದಲ್ಲಿ ಏಲಕ್ಕಿಯ ಜೊತೆ ಬರುವ ತ್ವಕ್ ಎಂದರೆ ದಾಲ್ಚಿನ್ನಿ, ಕನ್ನಡದ ಅಡುಗೆಮನೆಯ ಚಕ್ಕೆ. ತ್ವಚೆ ಎಂದರೆ ಬೆಣ್ಣೆಯಂಥ ಕೆನ್ನೆ ಎಂದು ನಂಬಿದವರು ಕ್ರೀಮಿನ ಡಬ್ಬದ ಮೇಲೆ ಓದುತ್ತಿರುವುದು ಮರದ ಚಕ್ಕೆಯ ಹೆಸರನ್ನು. ಸಂಸ್ಕೃತಕ್ಕೆ ಮರದ ಹೊರಮೈಯನ್ನೂ ಮನುಷ್ಯರ ಹೊರಮೈಯನ್ನೂ ಒಂದೇ ಹೆಸರಿನಲ್ಲಿ ಕರೆಯಲು ನಾಚಿಕೆಯಾಗಲಿಲ್ಲ. ನಾಚಿಕೆ ಇರುವುದು ಆ ಮಾತನ್ನು ಕಡ ತಂದವರಿಗೆ.

ಇದು ಬರೀ ಪದಗಳ ಜಗಳವಾಗಿದ್ದರೆ ನಿಘಂಟು ಬರೆಯುವವರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ನಷ್ಟ ಆಗುವುದು ಬೇರೆ ಕಡೆ. ಕುಷ್ಠರೋಗದ ಬಗ್ಗೆ ಅರಿವು ಮೂಡಿಸುವ ಕನ್ನಡದ ಗೋಡೆಬರಹ ಎಲ್ಲರೂ ನೋಡಿದ್ದಾರೆ: ಚರ್ಮದ ಮೇಲೆ ‘ಸ್ಪರ್ಶಜ್ಞಾನವಿಲ್ಲದ’ ಮಚ್ಚೆ ಇದ್ದರೆ ತೋರಿಸಿಕೊಳ್ಳಿ ಎಂದು. ಬೇಗ ತೋರಿಸಿಕೊಂಡರೆ ಪೂರ್ತಿ ವಾಸಿಯಾಗುವ, ತಡವಾದರೆ ಕೈಕಾಲು ಊನ ಮಾಡುವ ರೋಗ ಅದು. ಈ ಸಾಲನ್ನು ಯಾರು ಓದಿ ತಿಳಿಯಬೇಕೋ ಅವರಿಗೆ ಸ್ಪರ್ಶಜ್ಞಾನ ಎಂದರೆ ಏನು? ‘ಮೈ ತೊಗಲ ಮೇಲೆ ಮಚ್ಚೆ ಎದ್ದಿದೆಯೆ? ಅಲ್ಲಿ ಚಿವುಟಿದರೂ ಗೊತ್ತಾಗುವುದಿಲ್ಲವೆ? ಆಸ್ಪತ್ರೆಗೆ ಬನ್ನಿ’ ಎಂದು ಬರೆಯಲು ಏನು ಅಡ್ಡಿ? ಅಡ್ಡಿ ಒಂದೇ, ಹಾಗೆ ಬರೆದರೆ ಅದು ‘ಸರ್ಕಾರಿ ಕನ್ನಡ’ದಂತೆ ಕಾಣುವುದಿಲ್ಲ. ಕಣ್ಣಿನ ವಿಷಯದಲ್ಲಿ ಕನ್ನಡದ ಆಸ್ಪತ್ರೆಗಳು ಈ ತಪ್ಪು ಮಾಡಿಲ್ಲ. ‘ಕಣ್ಣಿನ ಪೊರೆ’ ಎಂದೇ ಬರೆಯುತ್ತಾರೆ, ಹಾವು ಬಿಡುವ ಪೊರೆಯ ಹೆಸರೇ ಅದು, ಎಲ್ಲರಿಗೂ ತಿಳಿಯುತ್ತದೆ, ಜನ ಬಂದು ಆಪರೇಷನ್ ಮಾಡಿಸಿಕೊಳ್ಳುತ್ತಾರೆ. ಹಾವಿಗೂ ಜಾತಿಯಿಲ್ಲ.

ಭಾಂಡುಪಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಈ ನಷ್ಟ ಎರಡು ಪಟ್ಟು. ಶಾಲೆಯ ಮರಾಠಿ, ಆಟದ ಹಿಂದಿ, ಪುಸ್ತಕದ ಇಂಗ್ಲಿಷುಗಳ ನಡುವೆ ಅವರಿಗೆ ಕನ್ನಡ ಸಿಗುವುದು ಮನೆಯಲ್ಲಿ ಮತ್ತು ಟಿವಿಯಲ್ಲಿ. ಮನೆ ‘ಸ್ಕಿನ್’ ಎನ್ನುತ್ತದೆ, ಟಿವಿ ‘ತ್ವಚೆ’ ಎನ್ನುತ್ತದೆ. ತೊಗಲು, ತೊಗಟೆ ಎರಡನ್ನೂ ಪಕ್ಕಪಕ್ಕ ಕೇಳಿದ ಮಗುವಿಗೆ ಮರಕ್ಕೂ ತನಗೂ ಏನೋ ನಂಟಿದೆ ಎಂಬುದು ಯಾರೂ ಹೇಳಿಕೊಡದೆ ಹೊಳೆಯುತ್ತದೆ. ಸ್ಕಿನ್, ಬಾರ್ಕ್ ಎಂದು ಕಲಿತ ಮಗುವಿಗೆ ಅದು ಹೊಳೆಯುವ ದಾರಿಯಿಲ್ಲ.

ಆ ನಂಟು ಮಾತಿನದ್ದು ಮಾತ್ರವಲ್ಲ. ತೊಗಲೂ ತೊಗಟೆಯೂ ನಿಜವಾಗಿ ಸೇರುವ ಒಂದು ಜಾಗವಿದೆ: ತೊಗಲು ಹದ ಮಾಡುವ ತೊಟ್ಟಿ. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ, ಕೂದಲು ತೆಗೆದು, ಒಳಮೈಯ ಮಾಂಸ ಹೆರೆದು, ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ದಿನಗಟ್ಟಲೆ ಇಡುತ್ತಾರೆ. ತಂಗಡಿಯ ತೊಗಟೆಯೂ ದಕ್ಷಿಣದಲ್ಲಿ ಇದೇ ಕೆಲಸಕ್ಕೆ ಹೆಸರಾದದ್ದು. ತೊಗಟೆಯ ಒಗರು ತೊಗಲಿಗೆ ಇಳಿದರೆ ಅದು ಕೊಳೆಯುವುದಿಲ್ಲ, ನೀರಿಗೆ ಜಗ್ಗುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಮರ ತನ್ನನ್ನು ಹುಳುಹುಪ್ಪಟೆಯಿಂದ ಕಾಯ್ದುಕೊಳ್ಳಲು ತೊಗಟೆಯಲ್ಲಿ ಇಟ್ಟುಕೊಂಡ ಒಗರೇ ಪ್ರಾಣಿಯ ತೊಗಲನ್ನೂ ಕಾಯುತ್ತದೆ ಎಂಬುದನ್ನು ಕಂಡುಹಿಡಿದವರು ಯಾವ ಪ್ರಯೋಗಶಾಲೆಯಲ್ಲೂ ಕೂತವರಲ್ಲ. ಇದು ಮಾದಿಗರ, ಸಮಗಾರರ, ಡೋರರ ರಸಾಯನಶಾಸ್ತ್ರ. ಬಸವಣ್ಣನಿಗೆ ತಮ್ಮ ತೊಡೆಯ ತೊಗಲಿನಿಂದಲೇ ಪಾದುಕೆ ಮಾಡಿದ ಹರಳಯ್ಯ, ಕಲ್ಯಾಣಮ್ಮರ ಕತೆ ಕನ್ನಡಿಗರಿಗೆ ಕಣ್ಣೀರು ತರಿಸುತ್ತದೆ. ಆ ಕತೆಯ ಒಳಗೆ ಒಂದು ಕಸುಬಿನ ಪೂರ್ತಿ ತಿಳಿವಳಿಕೆ ಇದೆ ಎಂದು ಯಾರಿಗೂ ಅನ್ನಿಸುವುದಿಲ್ಲ.

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಹೆಸರು ಕೊಲ್ಹಾಪುರದ್ದಾದರೂ ಹಕ್ಕು ಎರಡು ರಾಜ್ಯಗಳದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅದೇ ಬಗೆಯ ಚಪ್ಪಲಿಯನ್ನು ಹೆಸರು ಹೇಳದೆ ಮೆರೆಸಿದಾಗ ಎರಡೂ ರಾಜ್ಯಗಳಲ್ಲಿ ಸಿಟ್ಟು ಎದ್ದಿತು, ಕಂಪನಿ ಮೂಲವನ್ನು ಒಪ್ಪಿಕೊಳ್ಳಬೇಕಾಯಿತು. ಸಿಟ್ಟು ಸರಿಯಾದದ್ದೇ. ಆದರೆ ‘ನಮ್ಮ ಪರಂಪರೆ’ ಎಂದು ಎದೆ ತಟ್ಟಿಕೊಂಡವರಲ್ಲಿ ಎಷ್ಟು ಮಂದಿ ಅಥಣಿಯಲ್ಲಿ ಆ ಚಪ್ಪಲಿ ಹೊಲಿಯುವವರ ಮನೆಯಲ್ಲಿ ನೀರು ಕುಡಿದವರು? ಮಿಲಾನ್ ಹೆಸರು ಹೇಳಲಿಲ್ಲ ಎಂಬ ದೂರು ಹೇಳುವ ಮೊದಲು, ಕನ್ನಡವೇ ತ್ವಚೆಯ ಹಿಂದೆ ಅಡಗಿ ಆ ಕಸುಬಿನ ಮೂಲಮಾತನ್ನು ಹೇಳದೆ ಬಿಟ್ಟಿದೆ ಎಂಬುದೂ ಲೆಕ್ಕಕ್ಕೆ ಬರಬೇಕು.

ಎದುರು ಮಾತುಗಳಿಗೂ ಉತ್ತರ ಕೊಡಬೇಕು. ‘ಚರ್ಮವೂ ಕನ್ನಡವೇ, ಎಲ್ಲರಿಗೂ ತಿಳಿಯುತ್ತದೆ’ ಎನ್ನುವವರು ಹೇಳುವುದು ನಿಜ. ಚರ್ಮವನ್ನು ಓಡಿಸಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಜಗಳ ಇರುವುದು ಏಣಿಯ ಜೊತೆ. ಒಂದು ಮಾತಿಗೆ ಜಾಗ ಮಾಡಲು ಇನ್ನೊಂದನ್ನು ಹೊಲಸು ಮಾಡುವ ಅಭ್ಯಾಸದ ಜೊತೆ. ‘ಸಂಸ್ಕೃತದ ಮೇಲೆ ಯಾಕೆ ಹಗೆ’ ಎನ್ನುವವರು ತ್ವಕ್ ಎಂಬ ಮಾತಿನ ಅರ್ಥವನ್ನು ಮೇಲೆ ಓದಿದ್ದಾರೆ. ಸಂಸ್ಕೃತ ಇಲ್ಲಿ ಆರೋಪಿಯಲ್ಲ, ಸಾಕ್ಷಿ. ‘ಭಾಷೆ ತಾನಾಗಿ ಬದಲಾಗುತ್ತದೆ, ಯಾರೂ ಆಜ್ಞೆ ಮಾಡಲಾಗದು’ ಎನ್ನುವವರು 2020ನ್ನು ನೆನೆಯಲಿ. ‘ಫೇರ್ ಆ್ಯಂಡ್ ಲವ್ಲಿ’ ಎಂಬ ಕ್ರೀಮು ಆ ವರ್ಷ ‘ಗ್ಲೋ ಆ್ಯಂಡ್ ಲವ್ಲಿ’ ಆಯಿತು. ಭಾಷೆ ತಾನಾಗಿ ಬದಲಾಗಲಿಲ್ಲ, ಜನ ಕೇಳಿದರು, ಕಂಪನಿ ಬದಲಿಸಿತು. ಡಬ್ಬದ ಮೇಲಿನ ಮಾತು ಕಲ್ಲಿನ ಶಾಸನವಲ್ಲ.

ಗಂಭೀರವಾಗಿ ಕೇಳಬೇಕಾದ ಎದುರು ಮಾತು ಒಂದೇ. ತೊಗಲು ಎಂಬ ಮಾತಿನಿಂದ ತಲೆಮಾರುಗಳ ಕಾಲ ಬೈಸಿಕೊಂಡವರಿಗೆ ಅದು ಮತ್ತೆ ಕಿವಿಗೆ ಬೀಳುವುದು ಬೇಕಾಗಿದೆಯೆ? ಮುಂಬಯಿಯಲ್ಲಿ ಚಪ್ಪಲಿ ಹೊಲಿಯುವವರನ್ನು ಸರ್ಕಾರಿ ಕಾಗದಗಳು ಈಗ ‘ಗಟಯಿ ಕಾಮಗಾರ’ ಎನ್ನುತ್ತವೆ. ಜಾತಿಯ ಹೆಸರು ಬಿಟ್ಟು ಕೆಲಸದ ಹೆಸರು ಹಿಡಿದದ್ದು ಒಳ್ಳೆಯದೇ. ತಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ತೀರ್ಮಾನಿಸುವವರು ಅವರೇ. ಅದರಲ್ಲಿ ಬೇರೆಯವರ ಮಾತು ನಡೆಯಬಾರದು. ಆದರೆ ತೊಗಲು ಒಂದು ಜಾತಿಯ ಹೆಸರಲ್ಲ. ಅದು ಎಲ್ಲರ ಮೈಯ ಹೆಸರು. ಅದನ್ನು ಒಂದು ಕೇರಿಯ ತಲೆಗೆ ಕಟ್ಟಿ, ತಾವು ಚರ್ಮಕ್ಕೂ ತ್ವಚೆಗೂ ಏರಿಹೋದವರು ಬೇರೆಯವರು. ಹಾಗಾಗಿ ವಾಪಸು ಇಳಿದು ಬರಬೇಕಾದವರೂ ಅವರೇ. ಮೊದಲು ತೊಗಲು ಎನ್ನಬೇಕಾದದ್ದು ಮೇಲ್ಜಾತಿಯ ಬಾಯಿ, ತನ್ನ ಮೈಯ ಬಗ್ಗೆ, ತನ್ನ ಮಗುವಿನ ಮೈಯ ಬಗ್ಗೆ.

2025ರಲ್ಲಿ ಕೊಪ್ಪಳದ ಹಿರಿಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಕನ್ನಡದ ಪತ್ರಿಕೆಗಳು, ಟಿವಿಗಳು, ಮಂತ್ರಿಗಳ ಅಭಿನಂದನೆಗಳು ಎಲ್ಲವೂ ‘ತೊಗಲುಗೊಂಬೆ’ ಎಂದವು. ಯಾರ ಬಾಯಿಯೂ ಕೆಡಲಿಲ್ಲ. ‘ತ್ವಚಾಬೊಂಬೆ’ ಎಂದು ತಿದ್ದಲು ಯಾರೂ ಹೋಗಲಿಲ್ಲ. ಅಂದರೆ ಈ ಮಾತು ಸತ್ತಿಲ್ಲ, ಆಡಲು ಕಷ್ಟವೂ ಇಲ್ಲ, ಮರ್ಯಾದೆಯ ಜೊತೆ ಆಡಿದರೆ ಮರ್ಯಾದೆಯಿಂದಲೇ ಕೇಳುತ್ತದೆ.

ಆಗಬೇಕಾದ ಕೆಲಸ ದೊಡ್ಡದಲ್ಲ. ಸೋಪಿನ, ಕ್ರೀಮಿನ ಕನ್ನಡ ಬರೆಯುವವರು ತ್ವಚೆ ಬರೆಯುವ ಮೊದಲು ಒಮ್ಮೆ ತೊಗಲು ಬರೆದು ಕಳುಹಿಸಲಿ. ಗಿರಾಕಿ ಬೇಡವೆಂದರೆ ಯಾಕೆ ಎಂದು ಬರಹದಲ್ಲಿ ಕೇಳಲಿ. ಆರೋಗ್ಯ ಇಲಾಖೆಯ ಗೋಡೆಬರಹ ಬರೆಯುವವರು ಸ್ಪರ್ಶಜ್ಞಾನವನ್ನು ಬಿಟ್ಟು ಚಿವುಟಿದರೆ ಗೊತ್ತಾಗುವ ಕನ್ನಡ ಬರೆಯಲಿ. ಮುಂಬಯಿಯ ಕನ್ನಡ ಸಂಘಗಳು ಮಕ್ಕಳಿಗೆ ಕನ್ನಡ ಕಲಿಸುವ ತರಗತಿಗಳಲ್ಲಿ ಮೈಯ ಭಾಗಗಳ ಪಟ್ಟಿಗೆ ಕಣ್ಣು, ಕಿವಿ, ಮೂಗು, ನಾಲಿಗೆಗಳ ಜೊತೆ ಐದನೆಯದಾಗಿ ತೊಗಲು ಎಂದು ಬರೆಯಲಿ, ಪಕ್ಕದಲ್ಲಿ ಒಂದು ಮರ ಬಿಡಿಸಿ ತೊಗಟೆ ಎಂದು ಬರೆಯಲಿ. ಮೊಣಕಾಲು ತರಚಿಕೊಂಡು ಬಂದ ಮಗುವಿಗೆ ‘ತೊಗಲು ಸುಲಿದಿದೆ, ಎರಡು ದಿನದಲ್ಲಿ ಹಕ್ಕಳೆ ಕಟ್ಟಿ ವಾಸಿಯಾಗುತ್ತದೆ ಕಣೋ’ ಎಂದು ಮನೆಯವರು ಹೇಳಲಿ.